ಮಾಲ್ ಕೊಟ್ಟ ಒಪ್ಪಿಗೆ

ಕೆಡವುವ ಮೊದಲು ಕಟ್ಟಡದ ಬಾಯಿಂದಲೇ ಒಪ್ಪಿಗೆ ಪಡೆಯಬೇಕೆಂಬ ಕಾನೂನು ಬಂದಾಗಿನಿಂದ ಪಾಲಿಕೆ ಇಂಜಿನಿಯರ್ ದಾಕ್ಷಾಯಿಣಿಗೆ ನೆಮ್ಮದಿಯಿರಲಿಲ್ಲ. ಹಳೇ ಗೋದಾಮುಗಳೆಲ್ಲ ಒಂದೇ ಮಾತಿಗೆ ಹೂಂ ಅಂದಿದ್ದವು. ಹುಬ್ಬಳ್ಳಿಯ ನಡುಪೇಟೆಯ ಈ ಖಾಲಿ ಮಾಲ್ ಮಾತ್ರ ಅವಳನ್ನು ಹನ್ನೊಂದು ಸಲ ಅಲೆಸಿತ್ತು. ಇದು ಹೋದ ಮೇಲೆ ಈ ಜಾಗದಲ್ಲಿ ಮೂವತ್ತು ಮಹಡಿಯ ಎರಡು ಅಪಾರ್ಟ್‌ಮೆಂಟ್ ಏಳಬೇಕಿತ್ತು.

“ಇವತ್ತೇನ್ ತಕರಾರಪಾ ನಿಂದು?” ಮೆಟ್ಟಿಲು ಹತ್ತಿ ಮೊದಲ ಮಹಡಿಯ ಕಚೇರಿಗೆ ಬಂದವಳೇ ರೇಗಿದಳು.

ಸ್ಪೀಕರ್ ಗೊರಗುಟ್ಟಿತು. “ಗ್ರಾಹಕರ ಗಮನಕ್ಕೆ. ಇಲ್ಲಿಗೆ ಬಂದವರೆಲ್ಲ ಎಸ್ಕಲೇಟರ್ ಹತ್ತಿದ್ದಾರೆ. ತಾವೊಬ್ಬರು ಮಾತ್ರ ಹನ್ನೊಂದು ಸಲವೂ ಮೆಟ್ಟಿಲಲ್ಲೇ ಬಂದಿರಿ. ತಾವು ಹತ್ತಿದರೆ ನಾನು ಒಪ್ಪುತ್ತೇನೆ.”

“ಸೀರಿ ಸಿಕ್ಕೊಂಡ್ರ ಬಿಡಸಾಕ ನಿಮ್ಮಪ್ಪ ಬರ್ತಾನೇನು?”

“ನಿಧಾನ ಓಡಿಸುತ್ತೇನೆ, ಮೇಡಂ.”

ಬೈಯುತ್ತಲೇ ಕೆಳಗಿಳಿದಳು. ನೆರಿಗೆ ಎತ್ತಿ ಹಿಡಿದು, ಮೂರು ಸಲ ಕಾಲು ಮುಂದಿಟ್ಟು ಹಿಂದೆಳೆದು, ನಾಲ್ಕನೇ ಸಲ ಕಣ್ಣು ಮುಚ್ಚಿ ನಿಂತೇಬಿಟ್ಟಳು. ತುಂಬಿದ ಕೊಡ ಹೊತ್ತವರ ಹಾಗೆ ಎಸ್ಕಲೇಟರ್ ಅವಳನ್ನು ಒಯ್ದಿತು. ಅರ್ಧದಾರಿಯಲ್ಲಿ ಕಣ್ಣು ಬಿಟ್ಟಾಗ ಗಾಜಿನ ಸೂರಿನ ತುಂಬ ಬಿಸಿಲಿತ್ತು.

ಮೇಲೆ ಬರುವಷ್ಟರಲ್ಲಿ ಕಚೇರಿಯ ಪ್ರಿಂಟರ್‌ನಿಂದ ಒಪ್ಪಿಗೆ ಪತ್ರ ಹೊರಬಂದಿತ್ತು. ಹೊರಗೆ ಗೇಟಿನಲ್ಲಿ ಕಾಯುತ್ತಿದ್ದ ಬಿಲ್ಡರ್ ಫೋನ್ ಮಾಡಿದ.

“ಮೇಡಂ, ಬುಲ್ಡೋಜರ್ ಒಳಗ ಬಿಡ್ಲೇನ್ರಿ?”

ದಾಕ್ಷಾಯಿಣಿ ಪತ್ರವನ್ನು ಮಡಚಿ ಬ್ಯಾಗಿನ ತಳಕ್ಕೆ ತುರುಕಿದಳು.

“ಯಾಕಿಷ್ಟು ಅವಸರಾ ನಿಮಗ?” ಎಂದು ರೇಗಿದಳು. “ನಾ ಇನ್ನೂ ಎಸ್ಕಲೇಟರ್‌ನ್ಯಾಗ ಇಳಿಯೂದೈತಿ.”