ಮಳೆ ಅಳೆಯುವವಳು

ಹಿಂದಿನ ವರ್ಷದ ಮಳೆ-ಬಿಸಿಲಿನ ಲೆಕ್ಕ ನೋಡಿ ಯುಗಾದಿಗೊಮ್ಮೆ ಪ್ರತಿ ಊರಿಗೂ ಹೊಸ ಫಲಕ ಹಾಕುತ್ತಿದ್ದರು: ಕಾಡು, ಹುಲ್ಲುಗಾವಲು, ಇಲ್ಲವೇ ಮರುಭೂಮಿ. ಮರುಭೂಮಿಯಾದ ಊರನ್ನು ತಿಂಗಳೊಳಗೆ ಖಾಲಿ ಮಾಡಬೇಕು. ಹುಣಸಿದಿನ್ನಿಯಲ್ಲಿ ಮಳೆ ಅಳೆಯುವವಳು ಶಂಕ್ರವ್ವ. ಆ ವರ್ಷ ಮಳೆ ಬೀಳಲಿಲ್ಲ; ಊರು ಉಳಿಸಲೆಂದಾದರೂ ಅಳೆಯದೆ ಅಂಕಿ ಬರೆಯಲು ಆಕೆಗೆ ಕೈ ಬರಲಿಲ್ಲ. ಅದಕ್ಕೇ ಮಳೆಗಾಲವಿಡೀ ಅಳತೆಯ ಡಬ್ಬಿಗೆ ತಾನೇ ಲೋಟದಿಂದ ನೀರು ಸುರಿದು, ಆಮೇಲೆ ಅಳೆದು ಬರೆದಿದ್ದಳು. ಊರಿಗೆ ‘ಹುಲ್ಲುಗಾವಲು’ ಎಂಬ ಫಲಕ ಬಂತು.

ರೇಡಿಯೋದಲ್ಲಿ ಅದನ್ನು ಕೇಳಿದ ಕುರಿಗಾರ ಬೀರಣ್ಣ ಇನ್ನೂರು ಕುರಿ ಹೊಡೆದುಕೊಂಡು ಆರು ದಿನ ನಡೆದು ಬಂದ. ಸುತ್ತಲೂ ಬರೀ ಕೆಂಪು ಮಣ್ಣು; ಆತ ಇನ್ನೂ ನೋಡಿರದ ಗುಡ್ಡದ ಆಚೆಗೂ ಅದೇ.

“ಯಕ್ಕಾ, ಹುಲ್ಲು ಎಲ್ಲೈತಿ? ನನ್ನ ಕಣ್ಣಿಗೆ ಪೊರಿ ಬಂದೈತೇನು? ಕುರಿ ನನ್ನ ಬೈಯಾಕತ್ತಾವ,” ಎಂದು ಡಬ್ಬಿಯ ಬಳಿ ನಿಂತಿದ್ದ ಶಂಕ್ರವ್ವನನ್ನು ಕೇಳಿ ನಕ್ಕ.

ಆಕೆ ಬಗ್ಗಿ ಡಬ್ಬಿಯ ಧೂಳು ಒರೆಸತೊಡಗಿದಳು.

“ಮಳಿ ಅಳಿಯಾಕಿ ನೀನೇ ಅಂತಲ್ಲ. ನಿನಗ ಗೊತ್ತಿರ್ತೈತಿ, ಹೇಳು.”

ನಿಜ ಹೇಳಲೆಂದೇ ಬಾಯಿ ತೆರೆದಳು. ಹಿಂದೆ ಕಟ್ಟೆಯ ಮೇಲೆ ಊರಿನ ಮಂದಿ ಮಾತು ನಿಲ್ಲಿಸಿ ಕೂತಿದ್ದರು.

“ಗುಡ್ಡದ ಆಚಿ ಕಡೆ,” ಎಂದಳು.

“ನಿನ್ನ ಹೊಟ್ಟಿ ತಣ್ಣಗಿರ್ಲಿ ಯಕ್ಕಾ.” ಆತ ಕೈಮುಗಿದು, ನಡೆಯಲಾರದ ಮರಿಯೊಂದನ್ನು ಹೆಗಲಿಗೇರಿಸಿಕೊಂಡು ಗುಡ್ಡದ ಹಾದಿ ಹಿಡಿದ.