ಕಂಬನ ಕತ್ತು

"ಹಣೆಯಿಂದ ನನ್ನ ಕೈ ನೂಕಿ, ನೋಡೋಣ," ಎಂದು ಡಾಕ್ಟರು ಕಂಬನ ಹಣೆಗೆ ಅಂಗೈ ಕೊಟ್ಟು ನಿಂತರು. ಕಂಬ ನೂಕಿದ ಹಾಗೆ ಮಾಡಿದ. ತಲೆ ಮೆಲ್ಲಗೆ ಹಿಂದಕ್ಕೆ ವಾಲಿತು. ಮೂಲೆಯ ಕುರ್ಚಿಯ ಅಂಚಿನಲ್ಲಿ ಕೂತಿದ್ದ ಅವನ ಹೆಂಡತಿ, ಬಿಗಿಹಿಡಿದಿದ್ದ ಉಸಿರನ್ನು ಅರ್ಧ ಬಿಟ್ಟಳು. ಮೂರು ದಿನ ಮನೆಯಲ್ಲಿ ಹೇಳಿಕೊಟ್ಟ ಪಾಠ ಗಂಡನಿಗೆ ನೆನಪಿತ್ತು.

ಮೂವತ್ತೊಂದು ವರ್ಷ ಗೋದಾಮಿನಲ್ಲಿ ಮೂಟೆ ಹೊತ್ತ ತಲೆ ಅದು. ಎಷ್ಟು ಹೇರಿದರೂ ಅಲುಗಾಡುವುದಿಲ್ಲವೆಂದು ಜೊತೆಯವರು ಅವನನ್ನು ಕಂಬ ಎಂದೇ ಕರೆಯುತ್ತಿದ್ದರು. ಆರು ತಿಂಗಳಿಂದ ಮಾತ್ರ ಕತ್ತಿನಿಂದ ಎಡಗೈ ಬೆರಳಿನ ತನಕ ಬೆಂಕಿ ಹರಿದ ಹಾಗಾಗುತ್ತಿತ್ತು. ಅಂಗಿಯ ಗುಂಡಿಗಳನ್ನು ಹೆಂಡತಿಯೇ ಹಾಕಿ ಕಳಿಸಬೇಕಾಗಿತ್ತು. ಗೋದಾಮಿನ ಗೇಟಿನಲ್ಲಿ ಕೂತು, ಚೀಟಿ ನೋಡಿ ಲಾರಿ ಬಿಡುವ ಕೆಲಸವೊಂದು ಖಾಲಿ ಇತ್ತು. ಅದು ಸಿಗಬೇಕಾದರೆ ಡಾಕ್ಟರು ಎರಡು ಮಾತು ಬರೆದುಕೊಡಬೇಕು: ಕತ್ತಿನ ಡಿಸ್ಕು ಸವೆದಿದೆ, ಕತ್ತಿನ ಬಲ ಕುಗ್ಗಿದೆ. ಒಂದಿದ್ದು ಒಂದಿಲ್ಲದಿದ್ದರೆ ಮತ್ತೆ ಮೂಟೆಯೇ ಗತಿ. ಹೋದ ತಿಂಗಳು ಹಿಂಬದಿಯ ಗೇಟಿನ ಇಂಥದೇ ಕೆಲಸ ಹೀಗೇ ಬರೆಸಿಕೊಂಡು ಬಂದ ಒಬ್ಬನಿಗೆ ಸಿಕ್ಕಿತ್ತು. ಯಾವ ಮೂಟೆ ತೋರಿಸಿದರೂ "ಆಮೇಲೆ" ಎನ್ನುತ್ತ ನೆರಳಿಗೆ ಸರಿಯುತ್ತಿದ್ದವನು. ಡಿಸ್ಕು ಅವನ ವಯಸ್ಸಿನ ಯಾರಿಗಾದರೂ ಸವೆಯುವಷ್ಟೇ ಸವೆದಿತ್ತು, ಕತ್ತು ಮಾತ್ರ ನೊಣ ಕೂತರೂ ಬಾಗುತ್ತಿತ್ತು.

"ಸುಳ್ಳು ಹೇಳಿ ಅಂತಿಲ್ಲ ರೀ. ನಿಜಾನೇ ಒಂಚೂರು ಸಡಿಲ ಬಿಡಿ ಅಂತಿದ್ದೀನಿ," ಎಂದು ಅವಳು ಇವತ್ತು ಬಸ್ಸಿನಲ್ಲೂ ಗಂಡನ ಕಿವಿಯಲ್ಲಿ ಹೇಳಿದ್ದಳು.

ಡಾಕ್ಟರು ಬಲಗಡೆ ಒತ್ತಿದರು, ಎಡಗಡೆ ಒತ್ತಿದರು. ಕತ್ತು ಎರಡೂ ಕಡೆ ಸೋತಿತು. ಅವರು ಗೋಡೆಯ ಬೆಳಕಿಗೆ ಸಿಕ್ಕಿಸಿದ್ದ ಎಕ್ಸ್‌ರೇ ಫಿಲ್ಮಿನತ್ತ ಪೆನ್ನು ತೋರಿಸಿದರು. "ಮೂಳೆ ಮೂಳೆ ಮಧ್ಯೆ ಮೆತ್ತೆ ಇರ್ಬೇಕು ತಾಯಿ. ಇವರದ್ದು ಮೂರು ಕಡೆ ಕಾಗದ ಆಗ್ಹೋಗಿದೆ."

"ಮೆತ್ತೆ ಹೋದ್ಮೇಲೆ ಬಲ ಎಲ್ಲಿರುತ್ತೆ ಡಾಕ್ಟ್ರೇ?" ಎಂದಳು ಅವಳು, ಆದಷ್ಟು ಸಣ್ಣ ದನಿಯಲ್ಲಿ.

"ಎರಡೂ ಒಟ್ಟಿಗೇ ಹೋಗ್ಬೇಕು ಅಂತೇನಿಲ್ಲ. ಇವರಿಗೆ ಹೋದ ಹಾಗೇ ಕಾಣುತ್ತೆ. ಇನ್ನೊಂದೇ ನೋಡೋದಿದೆ." ಅವರು ಕಂಬನ ಹಿಂದೆ ಹೋಗಿ, ಎರಡೂ ಅಂಗೈ ಜೋಡಿಸಿ ನೆತ್ತಿಯ ಮೇಲಿಟ್ಟರು. "ಮೇಲಿಂದ ಮೆಲ್ಲಗೆ ಒತ್ತುತ್ತೀನಿ. ನೋವು ಬಂದ ತಕ್ಷಣ ಹೇಳ್ಬೇಕು."

ಅವಳು ಕುರ್ಚಿಯಿಂದ ಅರ್ಧ ಎದ್ದಳು. ಹಣೆಯನ್ನು ಒತ್ತಿ ಅಭ್ಯಾಸ ಮಾಡಿಸಿದ್ದಳು, ಕಿವಿಯ ಪಕ್ಕ ಒತ್ತಿ ಮಾಡಿಸಿದ್ದಳು. ನೆತ್ತಿ ಅವಳಿಗೆ ಹೊಳೆದೇ ಇರಲಿಲ್ಲ.

ಭಾರ ತಲೆಗೆ ತಾಗಿದ್ದೇ ತಡ, ಕಂಬನ ಬೆನ್ನು ನೆಟ್ಟಗಾಯಿತು. ಗಲ್ಲ ಒಳಕ್ಕೆ ಸರಿಯಿತು. ಕತ್ತಿನ ಎರಡೂ ಪಕ್ಕದಲ್ಲಿ ಹಗ್ಗದಂಥ ನರಗಳು ಎದ್ದವು. ಡಾಕ್ಟರು ಸ್ವಲ್ಪ ಒತ್ತಿದರು. ಅವನು ತುಟಿ ಬಿಚ್ಚಲಿಲ್ಲ. ಇನ್ನೂ ಒತ್ತಿದರು. ತಲೆ ಮೇಲೆ ಭಾರ ಇರುವಾಗ ನೋವಿನ ಮಾತೆತ್ತುವುದು ಗೋದಾಮಿನಲ್ಲಿ ಇಲ್ಲ. ಹೇಳುವುದಿದ್ದರೆ ಇಳಿಸಿದ ಮೇಲೆ ಹೇಳಬೇಕು. ಡಾಕ್ಟರಿಗೂ ಏನೋ ಹುಕಿ ಬಂದಿರಬೇಕು, ಮೈಭಾರವನ್ನೆಲ್ಲ ಬಿಟ್ಟರು. ಅವರ ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿತು, ಜೇಬಿನ ಪೆನ್ನು ಕೆಳಕ್ಕೆ ಬಿತ್ತು. ಕಂಬ ಕೂದಲೆಳೆಯಷ್ಟೂ ಕುಸಿಯಲಿಲ್ಲ.

ಕೈ ತೆಗೆದ ಮೇಲೆ, ಅವನು ಎಡ ಭುಜ ಹಿಡಿದುಕೊಂಡು "ಅಯ್ಯಮ್ಮಾ" ಎಂದ. ಕಣ್ಣಲ್ಲಿ ನೀರು ತುಂಬಿತ್ತು.

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ಭಾರ ಇತ್ತಲ್ಲ ಸ್ವಾಮಿ."

"ಬಿಡ್ಬಾರದಿತ್ತಾ ರೀ!" ಹೆಂಡತಿ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು.

"ಬಿಟ್ಟಿದ್ರೆ ಬೀಳ್ತಿತ್ತಲ್ಲೇ."

"ಬೀಳೋಕೆ ಅದೇನು ಮೂಟೇನಾ? ಡಾಕ್ಟ್ರ ಕೈ!"

ಡಾಕ್ಟರು ಪೆನ್ನನ್ನು ಹುಡುಕಿ ತೆಗೆದುಕೊಂಡು ಬಂದು, ಇನ್ನೊಮ್ಮೆ ಹಣೆ ಒತ್ತಿದರು, ಇನ್ನೊಮ್ಮೆ ಎಡ, ಬಲ. ಒಮ್ಮೆ ಎಚ್ಚೆತ್ತ ಕತ್ತು ಈಗ ಯಾವ ಕಡೆಗೂ ಬಾಗಲು ಒಪ್ಪಲಿಲ್ಲ. ಸವೆತ ತೀವ್ರ ಎಂದು ಬರೆದು, ಅದರ ಕೆಳಗೆ ಬಲ ಪೂರ್ಣ ಎಂದು ಬರೆದು ಅವರು ಸಹಿ ಹಾಕಿದರು. ದನಿಯಲ್ಲಿ ಗೌರವವೇ ಇತ್ತು. "ಮೆತ್ತೆ ಕೈಕೊಟ್ರೂ ಸ್ನಾಯು ಹಿಡ್ಕೊಂಡು ನಿಂತಿದೆ. ಇಂಥ ಕತ್ತು ಈ ಮೇಜಿನ ಮುಂದೆ ಬಂದಿರಲಿಲ್ಲ. ನೀವು ಹೊರೋಕೆ ಲಾಯಕ್ಕು ಅಂತ ಬರೀದೆ ನನಗೆ ಬೇರೆ ದಾರಿ ಇಲ್ಲ."

ಅವಳು ಕಾಗದ ತೆಗೆದುಕೊಂಡು ನಾಲ್ಕಾಗಿ ಮಡಿಸಿದಳು. ಗಂಡನ ಅಂಗಿಯ ಮೇಲಿನ ಗುಂಡಿ ಹಾಕಿದಳು. ಇಬ್ಬರೂ ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಡಾಕ್ಟರು ಕುರ್ಚಿಗೆ ಒರಗಿ, ತಮ್ಮ ಕತ್ತನ್ನೇ ಹಿಂದಿನಿಂದ ಹಿಸುಕಿಕೊಳ್ಳುತ್ತ ಕೇಳಿದರು. "ಒಂದು ನಿಮಿಷ, ಯಜಮಾನ್ರೇ. ದಿನವೆಲ್ಲಾ ಬಗ್ಗಿ ಬರೆದೂ ಬರೆದೂ ನನ್ನ ಕತ್ತೂ ಹಾಳಾಗಿದೆ. ಸ್ನಾಯು ಹೀಗೆ ಗಟ್ಟಿ ಆಗ್ಬೇಕಾದ್ರೆ ಏನ್ಮಾಡ್ಬೇಕು?"

ಕಂಬ ಬಾಯಿ ತೆರೆಯುವ ಮೊದಲೇ ಹೆಂಡತಿ ತಿರುಗಿದಳು.

"ನಾಳೆ ಬೆಳಿಗ್ಗೆ ಏಳಕ್ಕೆ ಗೋದಾಮಿಗೆ ಬಂದ್ಬಿಡಿ ಡಾಕ್ಟ್ರೇ. ಇವರ ಪಾಲಿನದು ನೀವು ಹೊತ್ಕೊಳ್ಳಿ. ನಿಮ್ಮ ಕತ್ತಿಗೂ ಒಳ್ಳೇದು, ಇವರ ಕತ್ತಿಗೂ ಒಳ್ಳೇದು."