ಖಾಲಿಯಲ್ಲದ ನಿಮಿಷ

2019 ಮಾರ್ಚ್ 14, ಬೆಳಿಗ್ಗೆ 10.20. ಒಂದು ನಿಮಿಷ ತುಂಬಿದರೂ ಮೈಕಿನ ಮುಂದೆ ಕೂತ ಅಪ್ಪ ತುಟಿ ಬಿಚ್ಚದಿದ್ದಾಗ ಮಗಳು ಧ್ವನಿಮುದ್ರಣ ನಿಲ್ಲಿಸಿದಳು. ನಾಳೆ ಶಸ್ತ್ರಚಿಕಿತ್ಸೆಯಲ್ಲಿ ಅವರ ಧ್ವನಿಪೆಟ್ಟಿಗೆ ತೆಗೆಯುತ್ತಾರೆ; ಆಮೇಲೆ ಮಾತಿಲ್ಲ, ಉಸಿರೂ ಮೂಗಿನಿಂದಲ್ಲ, ಕತ್ತಿನ ರಂಧ್ರದಿಂದ.

"ನಲವತ್ತು ವರ್ಷ ನನ್ನ ತಲೆ ತಿಂದೋರಿಗೆ ಈಗ ಬಾಯಿಗೆ ಬೀಗ ಬಿತ್ತಾ?" ಅಮ್ಮ ಕೆಣಕಿದರು.

"ಇರೇ, ಏನೂ ಹೊಳೀತಿಲ್ಲ," ಎಂದ ಅಪ್ಪ ಮಗಳತ್ತ ತಿರುಗಿದರು. "ಖಾಲಿ ಹೋಯ್ತಲ್ಲ ಪುಟ್ಟಿ, ಅಳಿಸ್ಬಿಡು. ಇನ್ನೊಂದ್ಸಲ ಶುರು ಮಾಡೋಣ."

ಅಳಿಸಲು ಹೋದ ಮಗಳ ಬೆರಳು ನಿಂತಿತು. ಪರದೆಯ ಮೇಲೆ ಸದ್ದನ್ನು ತೋರಿಸುವ ಗೆರೆ ಸಪಾಟಾಗಿರಲಿಲ್ಲ. ಅಪ್ಪನ ಮೂಗಿನ ಸಣ್ಣ ಸಿಳ್ಳೆಯ ಜೊತೆ ಏರಿ ಇಳಿದಿತ್ತು. ಮಾತಿರಲಿ ಬಿಡಲಿ, ಕಂಪ್ಯೂಟರ್ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು ಬರೆದುಕೊಂಡಿತ್ತು. 'ಅಪ್ಪನ ಉಸಿರು' ಎಂದು ಹೆಸರಿಟ್ಟು ಉಳಿಸಿಕೊಂಡಳು: ಒಂದು ನಿಮಿಷ, 26,46,000 ಅಳತೆಗಳು.